ಆಲೆಮನೆಯ ಮಸಿ, ಹಿಮಾಲಯದ ಹಿಮ: ಒಂದು ವಿದ್ಯಾರ್ಥಿ ಯೋಜನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅಂತಿಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳು ಭೌತಶಾಸ್ತ್ರ ವಿಭಾಗದ ಮಾರ್ಗದರ್ಶನದಲ್ಲಿ ಕೈಗೊಂಡ ಯೋಜನೆಯೊಂದರ ದಾಖಲೆ ಇದು. ಕಾಲೇಜು, ಊರು, ವರ್ಷ ಮತ್ತು ತೊಡಗಿಕೊಂಡವರ ಹೆಸರುಗಳನ್ನು ಕೈಬಿಟ್ಟಿದ್ದೇನೆ. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಯೋಜನೆಗಳನ್ನು ಪರಿಶೀಲಿಸಲು ಮೈಸೂರಿನಿಂದ ಹೋಗಿಬರುತ್ತಿದ್ದ ಹೊರಗಿನ ಸಲಹೆಗಾರನಾಗಿ ನಾನು ಅದರ ಆರಂಭದಿಂದ ಮುಗಿಯುವವರೆಗೂ ಜೊತೆಗಿದ್ದೆ. ಯೋಜನೆಗೆ ಬಹುಮಾನ ಬಂತೇ ಇಲ್ಲವೇ ಎನ್ನುವುದಕ್ಕಿಂತ, ಒಂದು ದೊಡ್ಡ ಹೇಳಿಕೆಯನ್ನು ತಂಡವು ಯಾವ ಹಂತದಲ್ಲಿ, ಯಾವ ಕಾರಣಕ್ಕೆ, ಎಷ್ಟರಮಟ್ಟಿಗೆ ಕತ್ತರಿಸಿತು ಎಂಬುದು ಇತರ ಅಧ್ಯಾಪಕರಿಗೆ ಉಪಯೋಗಕ್ಕೆ ಬರಬಹುದು.

ವಿಶ್ವೇಶ್ವರಯ್ಯ ನಾಲೆಯ ನೀರುಂಡ ಬಯಲಿನಲ್ಲಿ ಕಬ್ಬು ಇರುವಷ್ಟು ದಿನವೂ ಆಲೆಮನೆಗಳು ಇದ್ದೇ ಇರುತ್ತವೆ. ಗಾಣದಲ್ಲಿ ರಸ ಹಿಂಡಿ ಉಳಿದ ಸಿಪ್ಪೆಯನ್ನು ಬಿಸಿಲಿಗೆ ಒಣಹಾಕಿ, ಅದನ್ನೇ ಕೊಪ್ಪರಿಗೆಯ ಕೆಳಗೆ ಉರಿ ಹಾಕುತ್ತಾರೆ. ಸಿಪ್ಪೆ ಹಸಿಯಾಗಿದ್ದರೆ ದಟ್ಟವಾದ ಬಿಳಿ ಹೊಗೆ, ಒಲೆಗೆ ಗಾಳಿ ಸಾಲದಿದ್ದರೆ ಕಪ್ಪು ಹೊಗೆ. ಕಟಾವು ಮುಗಿದ ಗದ್ದೆಗಳಲ್ಲಿ ತರಗಿಗೆ ಬೆಂಕಿ ಕೊಡುವುದೂ ಉಂಟು. ತಂಡದ ನಾಲ್ವರಲ್ಲಿ ಒಬ್ಬಳ ಮನೆಯವರು ಆಲೆಮನೆ ನಡೆಸುವವರು. ಇದು ಮುಂದೆ ಮುಖ್ಯವಾಗುತ್ತದೆ.

ಹಿಮಾಲಯದ ಹಿಮನದಿಗಳು ಕರಗಲು ತಾಪಮಾನ ಏರಿಕೆಯ ಜೊತೆಗೆ ಗಾಳಿಯಲ್ಲಿ ತೇಲಿಬರುವ ಕಪ್ಪು ಇಂಗಾಲವೂ ಕಾರಣ ಎಂಬುದನ್ನು ವಿದ್ಯಾರ್ಥಿಗಳು ಓದಿದ್ದರು. ಕಪ್ಪು ಇಂಗಾಲವೆಂದರೆ ಸೌದೆ, ಬೆಳೆ ತ್ಯಾಜ್ಯ, ಕಲ್ಲಿದ್ದಲು, ಡೀಸೆಲ್‌ಗಳು ಅರೆಬರೆ ಉರಿದಾಗ ಹುಟ್ಟುವ ಅತಿ ಸಣ್ಣ ಮಸಿಕಣ. ತಮ್ಮೂರಿನ ಆಲೆಮನೆಯ ಮಾಡಿನಲ್ಲಿ ಜೋತುಬೀಳುವ ಇಲ್ಲಣವೂ ಬಹುಮಟ್ಟಿಗೆ ಇದೇ ಎಂದು ತಿಳಿದಾಗ ಅವರಿಗೆ ಯೋಜನೆಯ ತಲೆಬರಹ ತಾನಾಗಿಯೇ ಹೊಳೆಯಿತು: ‘ಮಂಡ್ಯದ ಆಲೆಮನೆ ಹೊಗೆಯಿಂದ ಕರಗುತ್ತಿರುವ ಹಿಮಾಲಯ’. ಜಿಲ್ಲಾ ಮಟ್ಟದ ವಿಜ್ಞಾನ ಪ್ರದರ್ಶನ ಹತ್ತಿರದಲ್ಲಿತ್ತು. ಇಂಥ ತಲೆಬರಹ ನೋಡಿದವರು ನಿಲ್ಲುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು, ಮಾರ್ಗದರ್ಶಕಿಗೂ ಗೊತ್ತಿತ್ತು.

ಸಮಸ್ಯೆ ಎಲ್ಲಿತ್ತು

ತಲೆಬರಹದ ಒಂದು ಪಾಲು ಗಟ್ಟಿಯಾದ ವಿಜ್ಞಾನ. ಹೊಸದಾಗಿ ಬಿದ್ದ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನ 100 ಪಾಲಿನಲ್ಲಿ 80ರಿಂದ 90 ಪಾಲನ್ನು ಹಿಂದಿರುಗಿಸುತ್ತದೆ. ಆಲ್ಬೆಡೊ ಎಂದು ಕರೆಯುವುದು ಈ ಪ್ರಮಾಣವನ್ನೇ. ಹಿಮನದಿಯ ಬರಿಯ ಮಂಜುಗಡ್ಡೆಯಾದರೆ 20ರಿಂದ 40 ಪಾಲು ಮಾತ್ರ. ಎತ್ತರದ ಪರ್ವತಗಳಲ್ಲಿ ಗಾಳಿ ತಣ್ಣಗಿರುವುದರಿಂದ ಹಿಮವನ್ನು ಕರಗಿಸುವ ಶಕ್ತಿಯ ಬಹುಪಾಲು ಬಿಸಿಲಿನಿಂದಲೇ ಬರಬೇಕು. ಆದ್ದರಿಂದ ಹಿಮದ ಬಿಳುಪು ಸ್ವಲ್ಪ ಕುಂದಿದರೂ ಪರಿಣಾಮ ದೊಡ್ಡದು. ಮಾರ್ಗದರ್ಶಕಿಯವರು ಮೊದಲ ಭೇಟಿಯಲ್ಲಿಯೇ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಮಾಡಿಸಿದರು. ಇಪ್ಪತ್ನಾಲ್ಕು ಗಂಟೆಗಳ ಸರಾಸರಿಯಲ್ಲಿ ಚದರ ಮೀಟರಿಗೆ 300 ವ್ಯಾಟ್ ಬಿಸಿಲು ಬೀಳುವ ದಿನವೊಂದನ್ನು ತೆಗೆದುಕೊಳ್ಳಿ, ಹಿಮದ ಆಲ್ಬೆಡೊ ಶೇ 85ರಿಂದ ಶೇ 80ಕ್ಕೆ ಇಳಿದಿದೆ ಎನ್ನಿ. ಹಿಮ ಹೀರಿಕೊಳ್ಳುವ ಶಕ್ತಿ 45 ವ್ಯಾಟ್‌ನಿಂದ 60 ವ್ಯಾಟ್‌ಗೆ, ಅಂದರೆ ಮೂರನೇ ಒಂದರಷ್ಟು ಏರುತ್ತದೆ. ಹೆಚ್ಚಾದ ಆ 15 ವ್ಯಾಟ್ ಇಡೀ ದಿನದಲ್ಲಿ ಸುಮಾರು 1.3 ಮೆಗಾಜೂಲ್ ಆಗುತ್ತದೆ. ಶೂನ್ಯ ಡಿಗ್ರಿಯಲ್ಲಿರುವ 1 ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಸಾಕು. ಹೀಗಾಗಿ ಕರಗುವ ಹಂತ ತಲುಪಿರುವ ಪ್ರತಿ ಚದರ ಮೀಟರ್ ಹಿಮದಿಂದ ದಿನಕ್ಕೆ ಹೆಚ್ಚುವರಿಯಾಗಿ ಸುಮಾರು 4 ಕಿಲೋ, ಎಂದರೆ 4 ಮಿಲಿಮೀಟರ್ ಆಳದ ನೀರು ಇಳಿಯುತ್ತದೆ. ಕರಗಿದ ಹಿಮ ಹೆಪ್ಪುಗಟ್ಟಿ ಅದರ ಹರಳು ದಪ್ಪವಾಗುತ್ತದೆ, ದಪ್ಪ ಹರಳಿನ ಹಿಮ ಇನ್ನಷ್ಟು ಮಂಕು, ಮೇಲಿನ ಪದರ ಕರಗಿಹೋದಂತೆ ಒಳಗಿದ್ದ ಮಸಿಯೂ ಮೇಲೆಯೇ ಉಳಿದು ಕೂಡಿಕೊಳ್ಳುತ್ತದೆ. ಹೀಗೆ ಮೊದಲು ಬಿದ್ದ ಅಲ್ಪ ಮಸಿಯ ಕೆಲಸವನ್ನು ಹಿಮ ತಾನೇ ಮುಂದುವರಿಸುತ್ತದೆ.

ಪರ್ವತಗಳಿಂದ ಬಂದ ಪುರಾವೆಯೂ ಇದೆ. ಎವರೆಸ್ಟ್‌ನ ಉತ್ತರಕ್ಕಿರುವ ಪೂರ್ವ ರೊಂಗ್‌ಬುಕ್ ಹಿಮನದಿಯಿಂದ ಕೊರೆದು ತೆಗೆದ ಮಂಜುಗಡ್ಡೆಯಲ್ಲಿ 1975ರಿಂದ 2000ರವರೆಗಿನ ಪದರಗಳ ಕಪ್ಪು ಇಂಗಾಲ ಅದಕ್ಕೂ ಹಿಂದಿನ ಶತಮಾನದ ಪದರಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಗಂಗೋತ್ರಿಯ ದಾರಿಯಲ್ಲಿ ಸುಮಾರು 3,600 ಮೀಟರ್ ಎತ್ತರದ ಚೀರ್‌ಬಾಸಾದಲ್ಲಿ ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರು 2016ರಲ್ಲಿ ಅಳೆದಾಗ ಗಾಳಿಯ ಕಪ್ಪು ಇಂಗಾಲ ಘನ ಮೀಟರಿಗೆ 0.01 ಮೈಕ್ರೋಗ್ರಾಂನಿಂದ 4.62 ಮೈಕ್ರೋಗ್ರಾಂವರೆಗೆ ಏರಿಳಿದಿತ್ತು. ಆ ಬೇಸಿಗೆಯಲ್ಲಿ ಉತ್ತರಾಖಂಡದ ಕಾಡುಗಳಿಗೆ ದೊಡ್ಡ ಬೆಂಕಿ ಬಿದ್ದಿದ್ದನ್ನು ನೆನೆದರೆ ಈ ಏರಿಳಿತ ಆಶ್ಚರ್ಯವಲ್ಲ.

ಕೊರತೆಯಿದ್ದದ್ದು ತಲೆಬರಹದ ಉಳಿದ ಪಾಲಿನಲ್ಲಿ. ‘ಮಂಡ್ಯದ’ ಎಂಬ ಪದ ಒಂದು ಸಾಗಣೆಯ ಹೇಳಿಕೆ: ಇಲ್ಲಿಯ ಕಣ ಅಲ್ಲಿಗೆ ತಲುಪುತ್ತದೆ. ‘ಹೊಗೆಯಿಂದ’ ಎಂಬುದು ಪ್ರಮಾಣದ ಹೇಳಿಕೆ: ತಲುಪಿದ್ದು ಎಣಿಕೆಗೆ ಬರುವಷ್ಟಿದೆ. ‘ಕರಗುತ್ತಿರುವ’ ಎಂಬುದು ಮಾತ್ರ ಭೌತಶಾಸ್ತ್ರದ ಹೇಳಿಕೆ. ಮೂರನ್ನೂ ಒಂದೇ ಸಾಲಿನಲ್ಲಿ ಹೆಣೆದಿದ್ದರಿಂದ, ಮೂರನೆಯದರ ಬಲದ ಮೇಲೆ ಮೊದಲೆರಡೂ ನಿಜವೆಂಬಂತೆ ಕಾಣುತ್ತಿದ್ದವು. ವಿದ್ಯಾರ್ಥಿಗಳ ಮೊದಲ ಕರಡಿನಲ್ಲಿ ಹನ್ನೆರಡು ಪುಟಗಳಿದ್ದು, ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ.

ಇನ್ನೊಂದು ಗೊಂದಲವೂ ಇತ್ತು. ಕಣಗಳು ಗಾಳಿಯಲ್ಲಿರುವಾಗ ಮಾಡುವ ಕೆಲಸ ಬೇರೆ, ಹಿಮದ ಮೇಲೆ ಕುಳಿತಾಗ ಮಾಡುವ ಕೆಲಸ ಬೇರೆ. ಗಾಳಿಯಲ್ಲಿ ತೇಲುವ ಮಸಿ ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯ ಪದರವನ್ನು ಬಿಸಿಮಾಡುತ್ತದೆ, ಅದೇ ವೇಳೆಗೆ ಕೆಳಗಿನ ನೆಲಕ್ಕೆ ತಲುಪುವ ಬಿಸಿಲನ್ನು ಕಡಿಮೆ ಮಾಡುತ್ತದೆ. ಗಂಧಕದ ಹೊಗೆಯಿಂದ ಹುಟ್ಟುವ ಸಲ್ಫೇಟ್ ಕಣಗಳು ಬಿಸಿಲನ್ನು ಚದುರಿಸಿ ತಂಪು ಮಾಡುತ್ತವೆ. ಎಲ್ಲ ಬಗೆಯ ಕಣಗಳನ್ನು ಕೂಡಿಸಿದರೆ ಇಡೀ ಭೂಮಿಯ ಲೆಕ್ಕದಲ್ಲಿ ಉಳಿಯುವುದು ತಂಪಿನ ಪರಿಣಾಮವೇ ಎಂದು ಹವಾಮಾನ ಬದಲಾವಣೆಯನ್ನು ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐ.ಪಿ.ಸಿ.ಸಿ.ಯ 2021ರ ವರದಿ ಹೇಳುತ್ತದೆ: ಚದರ ಮೀಟರಿಗೆ ಸುಮಾರು ಋಣ 1.1 ವ್ಯಾಟ್. ಹಿಮದ ಮೇಲೆ ಕುಳಿತು ಬಿಸಿಲು ಹೀರುವ ಕಣಗಳ ಪಾಲು ಅದೇ ಜಾಗತಿಕ ಸರಾಸರಿಯಲ್ಲಿ ಧನ 0.08 ವ್ಯಾಟ್ ಅಷ್ಟೇ. ಸಣ್ಣ ಸಂಖ್ಯೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಭೂಮಿಯ ಬಹುಭಾಗದಲ್ಲಿ ಹಿಮವೇ ಇಲ್ಲ. ಇರುವ ಕಡೆ ಅದು ಎಷ್ಟೋ ಪಟ್ಟು ಹೆಚ್ಚು. ಆದರೆ ‘ದೂಳು, ಹೊಗೆ ಎಲ್ಲವೂ ಭೂಮಿಯನ್ನು ಬಿಸಿಮಾಡುತ್ತವೆ’ ಎಂಬ ಕರಡಿನ ಮೊದಲ ವಾಕ್ಯ ನಿಲ್ಲುವಂತಿರಲಿಲ್ಲ.

ಮಾರ್ಗದರ್ಶಕಿಯವರ ಮುಂದೆ ಎರಡು ದಾರಿಗಳಿದ್ದವು. ತಲೆಬರಹ ಬದಲಿಸಿ ಎಂದು ಆಗಲೇ ಹೇಳುವುದು ಒಂದು. ತಲೆಬರಹವನ್ನು ಹಾಗೆಯೇ ಬಿಟ್ಟು, ಅದರ ಒಂದೊಂದು ಕೊಂಡಿಯನ್ನೂ ಅವರೇ ಪರೀಕ್ಷಿಸಲಿ ಎನ್ನುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಸಮಯ ಹೆಚ್ಚು ಹಿಡಿಯುತ್ತದೆಂಬುದನ್ನು ಬಿಟ್ಟರೆ ಅದು ಒಳ್ಳೆಯ ತೀರ್ಮಾನವೆಂದು ಈಗಲೂ ನನ್ನ ಅಭಿಪ್ರಾಯ.

ಮಂಜುಗಡ್ಡೆಯ ತಟ್ಟೆಗಳು

ವಿದ್ಯಾರ್ಥಿಗಳು ಕರಗುವಿಕೆಯ ಪ್ರಯೋಗದಿಂದ ಆರಂಭಿಸಿದರು. ಐಸ್ ಕಾರ್ಖಾನೆಯಿಂದ ತಂದ ಗಡ್ಡೆಯನ್ನು ಪುಡಿಮಾಡಿ, ಒಂದೇ ತೂಕದಂತೆ ನಾಲ್ಕು ಜಾಲರಿ ತಟ್ಟೆಗಳಿಗೆ ತುಂಬಿ, ಒಂದನ್ನು ಬರಿದೇ ಬಿಟ್ಟು, ಉಳಿದವುಗಳ ಮೇಲೆ ಕ್ರಮವಾಗಿ ಆಲೆಮನೆಯ ಮಸಿ, ಒಲೆಯ ಬೂದಿ ಮತ್ತು ಕೆಮ್ಮಣ್ಣನ್ನು ಹರಡಿದರು. ಕರಗಿದ ನೀರು ಆಲಿಕೆಯ ಮೂಲಕ ಅಳತೆ ಜಾಡಿಗೆ ಇಳಿಯುವ ಏರ್ಪಾಡಿತ್ತು. ಮಾರ್ಚ್ ತಿಂಗಳ ಮಧ್ಯಾಹ್ನ, ಪ್ರಯೋಗಾಲಯದಲ್ಲಿ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ನಾಲ್ಕೂ ತಟ್ಟೆಗಳು ಹೆಚ್ಚುಕಡಿಮೆ ಒಟ್ಟಿಗೇ ಕರಗಿದವು.

ತಂಡದ ಇಬ್ಬರು ಅಲ್ಲಿಗೇ ಕೈಚೆಲ್ಲಿ, ಮಸಿಯಿಂದ ಏನೂ ಆಗುವುದಿಲ್ಲ ಎಂದು ಬರೆಯಲು ಹೊರಟಿದ್ದರು. ಮಾರ್ಗದರ್ಶಕಿಯವರು ಬರೆಯಬೇಡಿ ಎನ್ನಲಿಲ್ಲ; ಈ ತಟ್ಟೆಗಳಿಗೆ ಶಾಖ ಎಲ್ಲಿಂದ ಬಂತು ಎಂಬುದನ್ನು ಅದರ ಕೆಳಗೆ ಬರೆಯಿರಿ ಎಂದರು. ಬರೆಯತೊಡಗಿದಾಗ ವಿಷಯ ಬಿಚ್ಚಿಕೊಂಡಿತು. ಮೂವತ್ತು ಡಿಗ್ರಿ ದಾಟಿದ ಕೋಣೆಯ ಗಾಳಿ ಫ್ಯಾನಿನ ರಭಸದಲ್ಲಿ ಗಡ್ಡೆಗೆ ಶಾಖವನ್ನು ತುಂಬುತ್ತಿತ್ತು, ಗಾಳಿಯ ತೇವ ತಣ್ಣನೆಯ ಮೇಲ್ಮೈಯಲ್ಲಿ ಹನಿಗಟ್ಟುತ್ತ ತನ್ನ ಶಾಖವನ್ನೂ ಬಿಟ್ಟುಕೊಡುತ್ತಿತ್ತು, ಬಿಸಿಲೆಂಬುದು ಅಲ್ಲಿ ಇರಲೇ ಇಲ್ಲ. ಬಿಸಿಲಿಲ್ಲದ ಕಡೆ ಬಣ್ಣಕ್ಕೆ ಕೆಲಸವಿಲ್ಲ. ಹಿಮಾಲಯದ ಪರಿಸ್ಥಿತಿ ಇದಕ್ಕೆ ನೇರ ವಿರುದ್ಧ: ಗಾಳಿ ತಣ್ಣಗೆ, ಒಣಗಿ, ತೆಳ್ಳಗೆ, ಬಿಸಿಲು ಪ್ರಖರ. ಪರ್ವತದಲ್ಲಿ ಕಣಗಳ ಪರಿಣಾಮ ಏಕೆ ಅಷ್ಟು ದೊಡ್ಡದು ಎಂಬುದನ್ನು ಈ ವಿಫಲವಾದ ಪ್ರಯೋಗ ಕಪ್ಪುಹಲಗೆಯ ಲೆಕ್ಕಕ್ಕಿಂತ ಚೆನ್ನಾಗಿ ಕಲಿಸಿತು. ಇದೇ ಈ ಪ್ರಕರಣದ ಮೊದಲ ತಿರುವು.

ಮುಂದಿನ ಸುತ್ತಿಗೆ ಅವರು ಹ್ಯಾಲೊಜನ್ ದೀಪ ತಂದರು. ಮೋಡ, ಹೊತ್ತು, ನೆರಳುಗಳ ಗೊಡವೆಯಿಲ್ಲದೆ ಒಂದೇ ಸಮನಾದ ಬೆಳಕು ಸಿಗುತ್ತದೆಂಬ ಅವರ ವಾದ ಸರಿಯಾಗಿಯೇ ಇತ್ತು. ಈ ಸಲ ಮಸಿಯ ತಟ್ಟೆ ಬೇಗ ಕರಗಿತು, ಆದರೆ ನಿರೀಕ್ಷಿಸಿದಷ್ಟು ಬೇಗ ಅಲ್ಲ. ಇದರ ಕಾರಣ ಹುಡುಕಲು ಸ್ವಲ್ಪ ಕಷ್ಟವಾಯಿತು, ಮತ್ತು ಪಠ್ಯಪುಸ್ತಕಗಳು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ವಿವರಿಸುತ್ತೇನೆ. ಹಿಮ ಬಿಳಿಯಾಗಿ ಕಾಣುವುದು ನಮ್ಮ ಕಣ್ಣಿಗೆ, ಅಂದರೆ ಗೋಚರ ಬೆಳಕಿನಲ್ಲಿ. ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳ ದೃಷ್ಟಿಯಿಂದ, ಅದರಲ್ಲೂ 1.4 ಮೈಕ್ರಾನ್‌ಗಿಂತ ಉದ್ದದ ಅಲೆಗಳಲ್ಲಿ, ಶುದ್ಧ ಹಿಮವೂ ಕಪ್ಪಿನಷ್ಟೇ ಹೀರುತ್ತದೆ. ಮಸಿ ವ್ಯತ್ಯಾಸ ಮಾಡುವುದು ಮುಖ್ಯವಾಗಿ ಗೋಚರ ಬೆಳಕಿನ ಭಾಗದಲ್ಲಿ. ಹ್ಯಾಲೊಜನ್ ದೀಪದ ಶಕ್ತಿಯಲ್ಲಿ ಹೆಚ್ಚಿನದು ಅವಕೆಂಪು. ಆ ಶಕ್ತಿಯ ದೊಡ್ಡ ಪಾಲನ್ನು ಬಿಳಿಯ ತಟ್ಟೆಯೂ ಮಸಿಯ ತಟ್ಟೆಯೂ ಸಮನಾಗಿ ಹೀರುತ್ತಿದ್ದವು. ಬಿಸಿಲಿನಲ್ಲಾದರೆ ಗೋಚರ ಬೆಳಕಿನ ಪಾಲು ಅರ್ಧದ ಸಮೀಪವಿರುತ್ತದೆ. ದೀಪವು ಅನುಕೂಲವಾಗಿತ್ತು, ಆದರೆ ತಪ್ಪು ಸೂರ್ಯನಾಗಿತ್ತು.

ಮೂರನೆಯ ವಿನ್ಯಾಸ ಗೆದ್ದಿತು. ತಟ್ಟೆಗಳನ್ನು ಥರ್ಮೊಕೋಲ್ ಪೆಟ್ಟಿಗೆಗಳಲ್ಲಿ ಹುದುಗಿಸಿ ಬದಿಗಳಿಂದಲೂ ಕೆಳಗಿನಿಂದಲೂ ಬರುವ ಶಾಖವನ್ನು ತಡೆದರು. ಬೆಳಗಿನ ಹೊತ್ತು, ಗಾಳಿ ಬಿಸಿಯಾಗುವ ಮುನ್ನ, ಕಾಲೇಜಿನ ತಾರಸಿಯ ಮೇಲೆ ಇಟ್ಟರು. ಪುಡಿಮಾಡಿದ ಗಡ್ಡೆ ಗಾಜಿನಂತೆ ಪಾರದರ್ಶಕವಾಗಿದ್ದು ಹಿಮದಂತೆ ಬೆಳಕನ್ನು ಹಿಂದಿರುಗಿಸುವುದಿಲ್ಲವೆಂದು ಅರಿತು, ಗೋಲಾ ಮಾರುವವರ ತುರಿಯುವ ಯಂತ್ರದಲ್ಲಿ ನುಣ್ಣಗೆ ತುರಿಸಿ ತಂದರು. ಹರಳು ಸಣ್ಣದಾದಷ್ಟೂ ಬಿಳುಪು ಹೆಚ್ಚು. ಈ ಬಾರಿ ಮಸಿ ಸಿಂಪಡಿಸಿದ ತಟ್ಟೆಯ ಜಾಡಿ ಬೇಗ ತುಂಬುತ್ತ ಬಂದಿತು, ಕೆಮ್ಮಣ್ಣಿನದು ಅದರ ಹಿಂದೆ, ಬರಿಯ ತಟ್ಟೆಯದು ಇನ್ನೂ ಹಿಂದೆ. ಅವರು ಬರೆದುಕೊಂಡ ಮಿಲಿಲೀಟರುಗಳನ್ನು ಇಲ್ಲಿ ಕೊಡುತ್ತಿಲ್ಲ. ಆ ಅಂಕಿಗಳು ಆ ಪೆಟ್ಟಿಗೆಗೆ, ಆ ಬಿಸಿಲಿಗೆ ಮಾತ್ರ ಸಲ್ಲುತ್ತವೆ. ಅವನ್ನು ಹಿಮನದಿಗೆ ಹೊಂದಿಸಲು ಹೋದರೆ ಮತ್ತೆ ಮೊದಲಿನ ತಲೆಬರಹದ ದಾರಿಯನ್ನೇ ಹಿಡಿದಂತೆ.

ಬೂದಿಯ ತಟ್ಟೆ ಮಾತ್ರ ಎಲ್ಲಕ್ಕಿಂತ ನಿಧಾನವಾಗಿ, ಬರಿಯ ತಟ್ಟೆಗಿಂತಲೂ ನಿಧಾನವಾಗಿ ಕರಗಿತು. ತಂಡ ಇದನ್ನು ಅಳತೆಯ ದೋಷವೆಂದು ಬಿಟ್ಟುಬಿಡುವ ಯೋಚನೆಯಲ್ಲಿತ್ತು. ಆಲೆಮನೆಯ ಹುಡುಗಿಯೇ ಬೂದಿಯ ಪದರವನ್ನು ಬೆರಳಿನಿಂದ ಕೆದಕಿ ನೋಡಿ, ಕೆಳಗೆ ತುರಿ ಹಾಗೆಯೇ ಉಳಿದಿರುವುದನ್ನು ತೋರಿಸಿದಳು. ಬೂದಿಯನ್ನು ಸಿಂಪಡಿಸುವ ಬದಲು ಎರಡು ಬೆರಳು ದಪ್ಪ ಹೊದಿಸಿಬಿಟ್ಟಿದ್ದರು. ಇದಕ್ಕೂ ಪರ್ವತದಲ್ಲಿ ಸಾಟಿಯಿದೆ. ಹಿಮನದಿಯ ಮೇಲೆ ಕಲ್ಲುಮಣ್ಣಿನ ಪದರ ತೆಳುವಾಗಿದ್ದರೆ ಅದು ಬಿಸಿಲನ್ನು ಹೀರಿ ಕರಗುವಿಕೆಯನ್ನು ಹೆಚ್ಚಿಸುತ್ತದೆ, ಕೆಲವು ಸೆಂಟಿಮೀಟರ್ ದಾಟಿದರೆ ಶಾಖ ಕೆಳಕ್ಕಿಳಿಯದಂತೆ ತಡೆದು ಮಂಜುಗಡ್ಡೆಯನ್ನು ಕಾಪಾಡುತ್ತದೆ. ಇದನ್ನು ಹಿಮನದಿ ವಿಜ್ಞಾನಿ ಗುನ್ನಾರ್ ಓಸ್ಟ್ರೆಮ್ 1959ರಲ್ಲಿ ಅಳೆದು ತೋರಿಸಿದ್ದರು. ಹಿಮಾಲಯದ ಎಷ್ಟೋ ಹಿಮನದಿಗಳ ಕೆಳತುದಿಗಳು ಹೀಗೆ ಕಲ್ಲುಮಣ್ಣು ಹೊದ್ದುಕೊಂಡೇ ಇವೆ. ‘ಕೊಳೆಯಾದ ಹಿಮ ಬೇಗ ಕರಗುತ್ತದೆ’ ಎಂಬ ವಾಕ್ಯಕ್ಕೆ ‘ಕೊಳೆ ತೆಳುವಾಗಿದ್ದಾಗ’ ಎಂಬ ಷರತ್ತು ಸೇರಿದ್ದು ಹೀಗೆ. ದೋಷವೆಂದು ಬಿಸಾಡಬಹುದಾಗಿದ್ದ ತಟ್ಟೆಯನ್ನು ಉಳಿಸಿಕೊಂಡದ್ದೇ ಈ ತಂಡದ ಅತ್ಯುತ್ತಮ ನಿರ್ಧಾರ ಎಂದು ನಾನು ಭಾವಿಸುತ್ತೇನೆ.

ಆಲೆಮನೆಯವರ ಮಾತು

ಮಸಿ ಸಂಗ್ರಹಿಸಲು ತಂಡ ಹೋದಾಗ ಯೋಜನೆಯ ತಲೆಬರಹ ಆಲೆಮನೆಯವರ ಕಿವಿಗೂ ಬಿತ್ತು. ಹುಡುಗಿಯ ತಂದೆ ಮಾರ್ಗದರ್ಶಕಿಯವರನ್ನು ಕೂರಿಸಿ, ಬಿಸಿ ಬೆಲ್ಲ ಕೊಟ್ಟು, ಆಮೇಲೆ ನೇರವಾಗಿ ಕೇಳಿದರು: “ಅಲ್ಲ ಮೇಡಂ, ನಮ್ ಹೊಗೆ ಶ್ರೀರಂಗಪಟ್ಣ ದಾಟೋದ್ರೊಳಗೆ ಕಾಣ್ದಂಗಾಯ್ತದೆ. ಅದು ಹಿಮಾಲಯಕ್ಕೆ ಹೋಯ್ತದೆ ಅಂತ ನೀವ್ ನೋಡಿದೀರಾ?” ಜೊತೆಗೆ, ಕಾವೇರಿಗೆ ಹಿಮದ ಹಂಗಿಲ್ಲ, ಕೊಡಗಿನಲ್ಲಿ ಮಳೆಯಾದರೆ ಕಟ್ಟೆ ತುಂಬುತ್ತದೆ, ಹೀಗಿರುವಾಗ ತಮ್ಮ ಮೇಲೇಕೆ ಈ ಆರೋಪ ಎಂಬುದೂ ಅವರ ತಕರಾರು. ಮಗಳು “ಅಪ್ಪ, ಸುಮ್ನಿರಿ” ಎಂದು ತಡೆಯಲು ನೋಡಿದರೂ ಅವರು ಬಿಡಲಿಲ್ಲ.

ಕಾಣದಂತಾಗುವುದಕ್ಕೂ ಇಲ್ಲದಂತಾಗುವುದಕ್ಕೂ ಅಂತರವಿದೆ ಎಂದು ಮಾರ್ಗದರ್ಶಕಿಯವರು ವಿವರಿಸಿದರು. ಕಪ್ಪು ಇಂಗಾಲದ ಕಣ ಗಾಳಿಯಲ್ಲಿ ಕೆಲವು ದಿನಗಳಿಂದ ಒಂದೆರಡು ವಾರಗಳವರೆಗೆ ಉಳಿಯಬಲ್ಲದು, ಅಷ್ಟರಲ್ಲಿ ಸಾವಿರಾರು ಕಿಲೋಮೀಟರ್ ಸಾಗಬಲ್ಲದು. ಆದರೆ ಅದು ಹಿಮಾಲಯಕ್ಕೆ ಹೋಗುವುದನ್ನು ನೋಡಿದ್ದೀರಾ ಎಂಬ ಅವರ ಪ್ರಶ್ನೆಗೆ ಉತ್ತರ ತಂಡದ ಬಳಿ ಇರಲಿಲ್ಲ. ಯೋಜನೆಯ ತಲೆಬರಹದಲ್ಲಿದ್ದ ಸಾಗಣೆಯ ಹೇಳಿಕೆಯನ್ನು ಪರೀಕ್ಷಿಸಲು ಹೇಳಿದ್ದು ಹೀಗೆ ಪರೀಕ್ಷಕರೂ ಅಲ್ಲ, ಸಲಹೆಗಾರನೂ ಅಲ್ಲ. ಹೊಗೆಯ ಆರೋಪ ಹೊತ್ತವರು.

ಗಾಳಿಯ ದಾರಿ

ಅಮೆರಿಕದ ಹವಾಮಾನ ಸಂಸ್ಥೆ ನೋವಾದವರ ಹೈಸ್‌ಪ್ಲಿಟ್ ಎಂಬ ಲೆಕ್ಕಾಚಾರದ ಸಾಧನ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಒಂದು ಸ್ಥಳ, ಒಂದು ದಿನ, ಒಂದು ಎತ್ತರ ಕೊಟ್ಟರೆ, ಅಲ್ಲಿಗೆ ಬಂದ ಗಾಳಿ ಹಿಂದಿನ ದಿನಗಳಲ್ಲಿ ಎಲ್ಲೆಲ್ಲಿ ಹಾದುಬಂತೆಂದು, ಅಥವಾ ಅಲ್ಲಿಂದ ಹೊರಟ ಗಾಳಿ ಮುಂದೆ ಎಲ್ಲಿಗೆ ಹೋಗುತ್ತದೆಂದು ಅದು ಗೆರೆ ಎಳೆದು ತೋರಿಸುತ್ತದೆ. ತಂಡವು ಮಂಡ್ಯದಿಂದ ಮುಂದಕ್ಕೂ, ಗಂಗೋತ್ರಿ ಹಾಗೂ ಲಡಾಖಿನ ಹಾನ್ಲೆಯಿಂದ ಹಿಂದಕ್ಕೂ, ಬೇರೆ ಬೇರೆ ತಿಂಗಳುಗಳಿಗೆ ಗೆರೆಗಳನ್ನು ತೆಗೆಯಿತು. ಹಾನ್ಲೆಯನ್ನು ಆರಿಸಿದ್ದಕ್ಕೆ ಕಾರಣವುಂಟು. 4,500 ಮೀಟರ್ ಎತ್ತರದ ಅಲ್ಲಿಯ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ್ದು, ಅದರ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಇಸ್ರೋದ ಕಾರ್ಯಕ್ರಮವೊಂದರ ಅಡಿಯಲ್ಲಿ ಕಪ್ಪು ಇಂಗಾಲವನ್ನೂ ಅಲ್ಲಿ ಅಳೆದಿದ್ದಾರೆ. ಅಲ್ಲಿಯ ಗಾಳಿ ದೇಶದಲ್ಲೇ ಅತಿ ಶುದ್ಧವಾದವುಗಳಲ್ಲಿ ಒಂದು, ಸರಾಸರಿ ಕಪ್ಪು ಇಂಗಾಲ ಘನ ಮೀಟರಿಗೆ 0.1 ಮೈಕ್ರೋಗ್ರಾಂಗಿಂತ ಕಡಿಮೆ.

ಗೆರೆಗಳು ತಲೆಬರಹಕ್ಕೆ ಒಲಿಯಲಿಲ್ಲ. ಜನವರಿ, ಫೆಬ್ರವರಿಯಲ್ಲಿ ಮಂಡ್ಯದಿಂದ ಹೊರಟ ಗಾಳಿ ಹೆಚ್ಚಾಗಿ ಪಶ್ಚಿಮಕ್ಕೆ ಘಟ್ಟ ದಾಟಿ ಅರಬ್ಬಿ ಸಮುದ್ರದತ್ತ ಸಾಗಿತು. ಇದು ಹೊಸ ಸಂಗತಿಯೇನಲ್ಲ. 1999ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ಇಂಡೊಎಕ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನವು ಉಪಖಂಡದ ಹೊಗೆ ಈಶಾನ್ಯದ ಗಾಳಿಯಲ್ಲಿ ಸಮುದ್ರದ ಮೇಲೆ ದಟ್ಟ ಮಸುಕಾಗಿ ಹರಡುವುದನ್ನು ಅಳೆದಿತ್ತು. ಅದರ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ವೀರಭದ್ರನ್ ರಾಮನಾಥನ್. ಜೂನ್‌ನಿಂದ ಗಾಳಿ ದಿಕ್ಕು ಬದಲಿಸಿ ಈಶಾನ್ಯಕ್ಕೆ ಬೀಸುತ್ತದೆ, ಆದರೆ ಅದರ ಜೊತೆಯಲ್ಲೇ ಮಳೆ ಬರುತ್ತದೆ, ಮಳೆ ಕಣಗಳನ್ನು ತೊಳೆದು ನೆಲಕ್ಕಿಳಿಸುತ್ತದೆ. ಅತ್ತ ಗಂಗೋತ್ರಿ, ಹಾನ್ಲೆಗಳಿಂದ ಹಿಂದಕ್ಕೆ ಎಳೆದ ಗೆರೆಗಳು ಹಿಮ ಕರಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಹುಮಟ್ಟಿಗೆ ಪಶ್ಚಿಮ ಮತ್ತು ವಾಯವ್ಯಕ್ಕೆ ಹೋದವು. ಗಂಗಾ ಬಯಲಿನ ಹೊಗೆ ಮೇಲೇರುವುದು ಈ ದೊಡ್ಡ ಗೆರೆಗಳಲ್ಲಿ ಸರಿಯಾಗಿ ಕಾಣದು, ಏಕೆಂದರೆ ಹಗಲಿನಲ್ಲಿ ಕಣಿವೆಗಳೊಳಗೆ ಮೇಲ್ಮುಖವಾಗಿ ಬೀಸುವ ಸ್ಥಳೀಯ ಗಾಳಿಯೇ ಅದರ ಏಣಿ. ಎವರೆಸ್ಟ್ ತಪ್ಪಲಿನಲ್ಲಿ 5,079 ಮೀಟರ್ ಎತ್ತರದ ಪಿರಮಿಡ್ ವೀಕ್ಷಣಾಲಯದಲ್ಲಿ ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಮಧ್ಯಾಹ್ನ ಕಪ್ಪು ಇಂಗಾಲ ಏರುವುದನ್ನು ಗಮನಿಸಿದ್ದು ಇದೇ ಕಾರಣಕ್ಕೆ.

ಮಂಡ್ಯದ ಒಂದು ಕಣವೂ ಎಂದೂ ಹಿಮಾಲಯ ತಲುಪದು ಎಂದು ಇದರಿಂದ ಹೇಳಲಾಗದು. ಆದರೆ ಕಬ್ಬಿನ ಸಿಪ್ಪೆಯ ಹೊಗೆ ಹಿಮನದಿಯನ್ನು ಕರಗಿಸುತ್ತಿದೆ ಎನ್ನಲು ಬೇಕಾದ ಸಾಗಣೆಯ ಕೊಂಡಿ ಕಳಚಿಬಿತ್ತು. ಕಬ್ಬಿಣದಷ್ಟು ಗಟ್ಟಿಯೆಂದುಕೊಂಡಿದ್ದನ್ನು ಕಂಪ್ಯೂಟರಿನ ಮುಂದೆ ಕಳೆದ ಒಂದು ಮಧ್ಯಾಹ್ನ ಅಲುಗಾಡಿಸಿತ್ತು. ತಟ್ಟೆಗಳ ಪ್ರಯೋಗಕ್ಕೆ ವಾರಗಳೇ ಹಿಡಿದಿದ್ದನ್ನು ನೆನೆದರೆ, ಕೊಂಡಿಗಳನ್ನು ಪರೀಕ್ಷಿಸುವ ಕ್ರಮವೇ ತಲೆಕೆಳಗಾಗಿತ್ತು ಎನ್ನಬೇಕು. ಅತಿ ಕಡಿಮೆ ಖರ್ಚಿನಲ್ಲಿ ಇಡೀ ಹೇಳಿಕೆಯನ್ನು ಬೀಳಿಸಬಲ್ಲ ಪರೀಕ್ಷೆ ಯಾವುದೋ ಅದು ಮೊದಲು ಬರಬೇಕಿತ್ತು.

ತೀರ್ಮಾನದ ದಿನ

ಪ್ರದರ್ಶನಕ್ಕೆ ಇನ್ನು ಕೆಲವೇ ದಿನಗಳಿದ್ದಾಗ ತಂಡ ಒಡೆಯಿತು. ಇಬ್ಬರು ಹಳೆಯ ತಲೆಬರಹವನ್ನೇ ಇಟ್ಟುಕೊಂಡು, ಗಾಳಿಯ ಗೆರೆಗಳ ಪುಟವನ್ನು ಹಿಂದೆ ಸರಿಸೋಣ ಎಂದರು. ಸ್ಥಳೀಯ ವರದಿಗಾರರೊಬ್ಬರಿಗೆ ಸುದ್ದಿ ತಲುಪಿ, ಅವರು ‘ಬೆಲ್ಲದ ಹೊಗೆಗೆ ಹಿಮಾಲಯ ಕರಗಿತು’ ಎಂಬ ಧಾಟಿಯಲ್ಲಿ ಬರೆಯಲು ಉತ್ಸಾಹ ತೋರಿದ್ದರು. ಒಬ್ಬ ವಿದ್ಯಾರ್ಥಿಯ ಸಮರ್ಥನೆ ಹೀಗಿತ್ತು: ಪರಿಸರಕ್ಕೆ ಒಳ್ಳೆಯದಾಗುವ ಮಾತನ್ನು ಸ್ವಲ್ಪ ಹಿಗ್ಗಿಸಿದರೆ ತಪ್ಪೇನು, ಹೇಗೂ ಹೊಗೆ ಕಡಿಮೆಯಾದರೆ ಒಳ್ಳೆಯದೇ. ಇದು ಪೊಳ್ಳು ವಾದವೆಂದು ಯಾರೂ ನಗಲಿಲ್ಲ. ಆದರೆ ಹುಡುಗಿ ಕೊಟ್ಟ ಉತ್ತರ ಅದನ್ನು ನಿಲ್ಲಿಸಿತು. ಸುಳ್ಳಿನ ಕಾರಣ ಕೊಟ್ಟು ಅಪ್ಪನ ಒಲೆ ಬದಲಿಸಲು ಹೇಳಿದರೆ, ನಾಳೆ ಅದು ಸುಳ್ಳೆಂದು ಗೊತ್ತಾದ ದಿನ ನಿಜದ ಕಾರಣ ಹೇಳಿದರೂ ಅವರು ಕೇಳುವುದಿಲ್ಲ ಎಂದಳು. ನಿಜದ ಕಾರಣ ಅಲ್ಲೇ ಇತ್ತು: ಒಲೆಯ ಬಾಯಲ್ಲಿ ದಿನವಿಡೀ ಕುಳಿತು ಉರಿ ಹಾಕುವವರ ಶ್ವಾಸಕೋಶ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಸೂಕ್ಷ್ಮ ಕಣಗಳ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 40. ಹೊಗೆಗೂಡಿನ ಎತ್ತರ ಸಾಲದ ಆಲೆಮನೆಯೊಳಗೆ ಕಣ್ಣುರಿಸುವ ಹೊಗೆಯಲ್ಲಿ ನಿಂತವರಿಗೆ ಈ ಮಿತಿಗಳ ಮಾತನ್ನು ಹಿಮಾಲಯದವರೆಗೆ ಒಯ್ಯಬೇಕಾದ ಅಗತ್ಯವೇ ಇಲ್ಲ.

ಕೊನೆಗೆ ತಲೆಬರಹ ‘ಮಸಿ ಎಲ್ಲಿ ಬೀಳುತ್ತದೆ? ಹಿಮದ ಮೇಲೆ ಕಣಗಳ ಪರಿಣಾಮ’ ಎಂದಾಯಿತು. ಒಂದೇ ಮಸಿ ಮಂಡ್ಯದ ಗದ್ದೆಯ ಮೇಲೆ ಬಿದ್ದರೆ ಬಿಸಿಲಿನ ಲೆಕ್ಕ ಬದಲಾಗದು, ಹಿಮದ ಮೇಲೆ ಬಿದ್ದರೆ ಬದಲಾಗುತ್ತದೆ ಎಂಬುದೇ ಹೊಸ ಕರಡಿನ ತಿರುಳು. ಕರಡನ್ನು ಕೇಳಿಸಿಕೊಂಡ ಹುಡುಗಿಯ ತಂದೆ, ಕಂಬಳಿಯ ಮೇಲಿನ ಮಸಿಗೂ ಪಂಚೆಯ ಮೇಲಿನ ಮಸಿಗೂ ಇರುವ ಅಂತರ ತಾನೇ ಇದು ಎಂದರಂತೆ. ಭಿತ್ತಿಪತ್ರದಲ್ಲಿ ಮಾತು ಹಾಗೆಯೇ ಹೋಯಿತು.

ಏನಾಯಿತು

ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು ಸ್ಥಳೀಯ ಸಮಸ್ಯೆಗೆ ಸಂಬಂಧವಿಲ್ಲವೆಂದರು. ಇನ್ನೊಬ್ಬರು ಬೂದಿಯ ತಟ್ಟೆಯ ಮುಂದೆ ಬಹಳ ಹೊತ್ತು ನಿಂತು ಪ್ರಶ್ನೆ ಕೇಳಿದರು. ವರದಿಗಾರರು ಹೊಸ ತಲೆಬರಹ ಕಂಡು ಆಸಕ್ತಿ ಕಳೆದುಕೊಂಡರು. ಹುಡುಗಿಯ ತಂದೆ ಒಲೆಯನ್ನು ಬದಲಿಸಿಲ್ಲ, ಆದರೆ ಹಸಿ ಸಿಪ್ಪೆಯನ್ನು ಒಲೆಗೆ ತುಂಬದಂತೆ ಕೆಲಸದವರಿಗೆ ಹೇಳಿದ್ದಾರೆ. ಒಣಗಿದ ಸಿಪ್ಪೆ ಚೆನ್ನಾಗಿ ಉರಿದು ಕೊಪ್ಪರಿಗೆಯ ಬೆಲ್ಲದ ಅಡುಗೆ ಬೇಗ ಇಳಿಯುತ್ತದೆ ಎಂಬ ಲಾಭವೇ ಅದಕ್ಕೆ ಸಾಕಾದ ಕಾರಣ.

ಅಧ್ಯಾಪಕರಿಗೆ ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಯೋಜನೆಯ ಹೇಳಿಕೆ ಕುಗ್ಗಿದಂತೆಲ್ಲ ಅದರೊಳಗಿನ ವಿಜ್ಞಾನ ಹಿಗ್ಗಿದ್ದು. ಹಳೆಯ ಕರಡಿನಲ್ಲಿ ಹಿಮ ಕರಗುವುದಕ್ಕೆ ಒಂದೇ ಕಾರಣವಿತ್ತು. ಹೊಸದರಲ್ಲಿ ಬಿಸಿಲು ಮತ್ತು ಗಾಳಿಯ ಶಾಖದ ನಡುವಿನ ಪಾಲು, ಬೆಳಕಿನ ಅಲೆಯುದ್ದ, ಹರಳಿನ ಗಾತ್ರ, ಪದರದ ದಪ್ಪ, ಋತುವಿನ ಗಾಳಿ, ಮಳೆ ಎಲ್ಲವೂ ತಮ್ಮ ತಮ್ಮ ಜಾಗ ಪಡೆದವು. ಇವುಗಳಲ್ಲಿ ಒಂದನ್ನೂ ಮಾರ್ಗದರ್ಶಕಿಯವರು ಉಪನ್ಯಾಸವಾಗಿ ಕೊಡಲಿಲ್ಲ. ಪ್ರತಿಯೊಂದೂ ಯಾವುದೋ ಒಂದು ತಟ್ಟೆಯೋ ಗೆರೆಯೋ ಹಟ ಹಿಡಿದದ್ದರಿಂದ ಒಳಬಂದಿತು. ಹವಾಮಾನದ ವಿಷಯದಲ್ಲಿ ನಮ್ಮ ಕಾಲೇಜುಗಳ ಯೋಜನೆಗಳು ಸಾಮಾನ್ಯವಾಗಿ ಭಿತ್ತಿಪತ್ರದ ಘೋಷಣೆಯಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ ಎಂಬ ನನ್ನ ಹಳೆಯ ಅಸಮಾಧಾನ ಈ ತಂಡದ ಮಟ್ಟಿಗೆ ನಿಲ್ಲಲಿಲ್ಲ.

ಒಂದು ಪ್ರಶ್ನೆ ಮಾತ್ರ ಬಗೆಹರಿಯದೆ ಉಳಿಯಿತು, ಅದನ್ನು ಎತ್ತಿದವರೂ ಹುಡುಗಿಯ ತಂದೆಯೇ. ನಮ್ಮದಲ್ಲವೆಂದಾದರೆ ಅಲ್ಲಿ ಬೀಳುವುದು ಯಾರ ಹೊಗೆ? ಗಂಗಾ ಬಯಲಿನ ಸೌದೆ ಒಲೆ, ಇಟ್ಟಿಗೆಗೂಡು, ಡೀಸೆಲ್, ಪಂಜಾಬಿನ ಕೂಳೆ, ತಪ್ಪಲಿನ ಕಾಡುಬೆಂಕಿ ಎಂಬ ಪಟ್ಟಿಯನ್ನು ತಂಡ ಕೊಟ್ಟಿತು. ದಕ್ಷಿಣ ಏಷ್ಯಾದ ಮಸಿಯಲ್ಲಿ ಅರ್ಧದಿಂದ ಮೂರನೇ ಎರಡರಷ್ಟು ಸೌದೆ, ಸಗಣಿ, ಬೆಳೆ ತ್ಯಾಜ್ಯಗಳದ್ದೆಂದು ಪುಣೆ ಬಳಿಯ ಸಿಂಹಗಡ ಮತ್ತು ಮಾಲ್ಡೀವ್ಸ್‌ನಲ್ಲಿ ಸಂಗ್ರಹಿಸಿದ ಕಣಗಳ ರೇಡಿಯೋಕಾರ್ಬನ್ ಪರೀಕ್ಷೆ 2009ರಲ್ಲಿ ತೋರಿಸಿತ್ತು. ಆದರೆ 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಎತ್ತರ ಹೆಚ್ಚಿದಂತೆ ಹಿಮವನ್ನು ಮಂಕು ಮಾಡುವುದರಲ್ಲಿ ಮಸಿಗಿಂತ ಮರುಭೂಮಿಗಳಿಂದ ಹಾರಿಬರುವ ದೂಳಿನ ಕೈ ಮೇಲಾಗುತ್ತದೆ. ಮಸಿಯಷ್ಟು ಕಪ್ಪಲ್ಲದಿದ್ದರೂ ದೂಳು ಬೀಳುವ ಪ್ರಮಾಣ ದೊಡ್ಡದು, ಮತ್ತು ಪಶ್ಚಿಮದ ಗಾಳಿ ಅದನ್ನು ಮಸಿ ತಲುಪದ ಎತ್ತರಕ್ಕೂ ಒಯ್ಯುತ್ತದೆ. ತಂಡದ ಕೆಮ್ಮಣ್ಣಿನ ತಟ್ಟೆಗೆ ಅವರೇ ಕೊಡದ ಮಹತ್ವ ಇಲ್ಲಿದೆ.

ಮುಂದಿನ ವರ್ಷದ ತಂಡ ಅಲ್ಲಿಂದಲೇ ಕೆಲಸ ಹಿಡಿದಿದೆ. ಕೆಮ್ಮಣ್ಣನ್ನು ನುಣ್ಣಗೆ ಜರಡಿ ಹಿಡಿದು, ಬೇರೆ ಬೇರೆ ತೂಕಗಳಲ್ಲಿ ತುರಿದ ಮಂಜಿನ ಮೇಲೆ ಹರಡಿ, ಎಷ್ಟು ದೂಳು ಎಷ್ಟು ಮಸಿಗೆ ಸಮ ಎಂಬುದನ್ನು ಅವರು ತಾರಸಿಯ ಮೇಲೆ ಅಳೆಯುತ್ತಿದ್ದಾರೆ. ಥಾರ್ ಮರುಭೂಮಿ ಮತ್ತು ಗಂಗೋತ್ರಿಯ ನಡುವಿನ ಗಾಳಿಯ ಗೆರೆಗಳನ್ನು ಈ ಸಲ ಮೊದಲ ವಾರದಲ್ಲೇ ತೆಗೆದಿಟ್ಟುಕೊಂಡಿದ್ದಾರೆ.